ಆಯಿಲ್ ಬದಲಿಸುವಾಗ ಕಂಡ ಲೋಹದ ಚೂರು ಎಂಜಿನ್ನಿನ ಯಾವ ಭಾಗದ್ದು? ಪತ್ತೆಹಚ್ಚುವ ಬಗೆ

ಮನೆಯಂಗಳದಲ್ಲಿ ಬೈಕಿನ ಆಯಿಲ್ ಬದಲಿಸುವಾಗ, ಬೇಸಿನ್ನಿಗೆ ಇಳಿದ ಕಪ್ಪು ಆಯಿಲಿನಲ್ಲಿ ಬಿಸಿಲಿಗೆ ಏನಾದರೂ ಮಿಂಚಿತೆಂದರೆ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಕಂಡೂ ಕಾಣದಂತೆ ಹೊಸ ಆಯಿಲ್ ಸುರಿದು ಗಾಡಿ ಸ್ಟಾರ್ಟ್ ಮಾಡುತ್ತಾರೆ. ಇನ್ನು ಕೆಲವರು ಅಂದೇ ಗ್ಯಾರೇಜಿಗೆ ಒಯ್ದು ಎಂಜಿನ್ ಬಿಚ್ಚಿಸುತ್ತಾರೆ. ಎರಡೂ ಅವಸರದ ಕೆಲಸವೇ. ಆ ಚೂರು ಯಾವ ಲೋಹದ್ದು, ಯಾವ ಆಕಾರದ್ದು, ಎಷ್ಟು ದೊಡ್ಡದು, ಕಳೆದ ಸಲಕ್ಕಿಂತ ಹೆಚ್ಚಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ, ಅದು ಎಂಜಿನ್ನಿನ ಯಾವ ಮೂಲೆಯಿಂದ ಬಂದಿದೆ ಎಂಬುದನ್ನು ಒಂದು ನಟ್ಟನ್ನೂ ಸಡಿಲಿಸದೆ ಬಹುಮಟ್ಟಿಗೆ ಊಹಿಸಬಹುದು.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ನಮ್ಮ ರಸ್ತೆಗಳಲ್ಲಿ ಓಡಾಡುವ 100ರಿಂದ 200 ಸಿಸಿಯ ನಾಲ್ಕು ಸ್ಟ್ರೋಕ್ ಬೈಕುಗಳ ಬಗ್ಗೆ. ಇವುಗಳಲ್ಲಿ ಪಿಸ್ಟನ್, ಅದರ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್, ಗೇರ್ ಬಾಕ್ಸ್, ಕ್ಲಚ್ ಎಲ್ಲಕ್ಕೂ ಒಂದೇ ಆಯಿಲ್. ಕಾರಿನಲ್ಲಿ ಗೇರ್ ಬಾಕ್ಸಿಗೆ ಬೇರೆಯೇ ಆಯಿಲ್ ಇರುವುದರಿಂದ ಎಂಜಿನ್ ಆಯಿಲಿನಲ್ಲಿ ಗೇರಿನ ಚೂರು ಕಾಣಿಸುವ ಪ್ರಶ್ನೆಯೇ ಬರುವುದಿಲ್ಲ. ಬೈಕಿನಲ್ಲಾದರೋ ಆರೋಪಿಗಳ ಸಂಖ್ಯೆ ದೊಡ್ಡದು, ಹಾಗಾಗಿ ವಿಚಾರಣೆಯೂ ಹೆಚ್ಚು ಎಚ್ಚರದಿಂದ ನಡೆಯಬೇಕಾಗುತ್ತದೆ. ಆರಂಭಕ್ಕೇ ಎರಡು ಮಾತು: ಇಳಿಸಿದ ಆಯಿಲನ್ನು ಚೆಲ್ಲಬೇಡಿ, ಪತ್ತೆ ಮುಗಿಯುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಮೊದಲ ಶಂಕೆ ಪಾತ್ರೆಯ ಮೇಲೆ

ಕಳೆದ ವರ್ಷ ತುಕ್ಕು ಹಿಡಿದ ತಗಡಿನ ಡಬ್ಬಿಯೊಂದನ್ನು ಕತ್ತರಿಸಿ ಆಯಿಲ್ ಹಿಡಿದವರೊಬ್ಬರು, ಎಂಜಿನ್ ಮುಗಿಯಿತೆಂದು ಗಾಬರಿಯಿಂದ ನನ್ನನ್ನು ಕರೆದಿದ್ದರು. ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಡಬ್ಬಿಯ ಅಂಚಿನ ಚೂರು ಮತ್ತು ತುಕ್ಕು. ಡ್ರೈನ್ ಬೋಲ್ಟಿನ ಸುತ್ತ ಮೆತ್ತಿದ ರಸ್ತೆಯ ಮರಳು, ಕಳಪೆ ಸ್ಪ್ಯಾನರ್ ಜಾರಿ ಕೆತ್ತಿದ ಬೋಲ್ಟಿನ ಮೂಲೆ, ಹಳೆಯ ಫನಲ್‌ನಲ್ಲಿ ಉಳಿದಿದ್ದ ಕಸ, ಇವೆಲ್ಲವೂ ಎಂಜಿನ್ ಮೇಲೆ ಸುಳ್ಳು ಆರೋಪ ಹೊರಿಸುತ್ತವೆ. ಆದ್ದರಿಂದ ಬೋಲ್ಟ್ ಬಿಚ್ಚುವ ಮೊದಲೇ ಅದರ ಸುತ್ತ ಬ್ರಷ್ಷಿನಿಂದ ಉಜ್ಜಿ ಬಟ್ಟೆಯಿಂದ ಒರೆಸಬೇಕು, ಆಯಿಲನ್ನು ತೊಳೆದು ಒಣಗಿಸಿದ ಬಿಳಿಯ ಪ್ಲಾಸ್ಟಿಕ್ ಬೇಸಿನ್ನಿನಲ್ಲೇ ಹಿಡಿಯಬೇಕು.

ಎಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಇಳಿಸಿದರೆ ತಳದಲ್ಲಿ ಕೂತಿದ್ದ ಚೂರುಗಳೂ ಆಯಿಲಿನೊಂದಿಗೆ ಬರುತ್ತವೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಕ್ಕಾಲು ಪಾಲು ಇಳಿದ ನಂತರ ಕೊನೆಯ ತೊಟ್ಟುಗಳನ್ನು ಬೇರೊಂದು ಚಿಕ್ಕ ಬಟ್ಟಲಿನಲ್ಲಿ ಹಿಡಿಯುವುದು ನನ್ನ ರೂಢಿ. ಭಾರದ ಚೂರುಗಳು ಹೆಚ್ಚಾಗಿ ಈ ಕೊನೆಯ ಪಾಲಿನಲ್ಲೇ ಇರುತ್ತವೆ.

ಬೋಲ್ಟನ್ನು ಒರೆಸುವ ಮೊದಲು ಅದರ ಥ್ರೆಡ್ ನೋಡಿ. ಥ್ರೆಡ್ಡಿನ ಸಾಲುಗಳಲ್ಲಿ ಬೆಳ್ಳನೆಯ ಲೋಹ ಮೆತ್ತಿಕೊಂಡಿದ್ದರೆ, ಅಥವಾ ಆಯಿಲಿನಲ್ಲಿ ತೆಳುವಾದ, ಸ್ಪ್ರಿಂಗಿನಂತೆ ಸುತ್ತಿಕೊಂಡ ಅಲ್ಯುಮಿನಿಯಂ ಎಳೆ ಸಿಕ್ಕಿದ್ದರೆ, ಅದು ಎಂಜಿನ್ನಿನ ಒಳಗಿನ ರೋಗವಲ್ಲ. ಉಕ್ಕಿನ ಬೋಲ್ಟನ್ನು ಅಲ್ಯುಮಿನಿಯಂ ಕ್ರ್ಯಾಂಕ್‌ಕೇಸಿಗೆ ಹಿಂದೆಂದೋ ಅತಿಯಾಗಿ ಬಿಗಿದದ್ದರ ಫಲ. ನನ್ನ ಸ್ವಂತ ಗಾಡಿಯಲ್ಲಿ ಮೊತ್ತಮೊದಲು ಹೆದರಿಸಿದ್ದು ಇಂಥದೇ ಎಳೆ. ಅದಕ್ಕೆ ಮದ್ದು ಲೇತ್ ಅಂಗಡಿಯಲ್ಲಿ ಥ್ರೆಡ್ ಇನ್ಸರ್ಟ್ ಕೂರಿಸುವುದು. ಬೋಲ್ಟನ್ನು ಇನ್ನಷ್ಟು ಬಿಗಿಯಹೋದರೆ ಥ್ರೆಡ್ ಪೂರ್ತಿ ಕಿತ್ತುಬರುತ್ತದೆ.

ಚೂರನ್ನು ಆಯಿಲಿನಿಂದ ಬೇರ್ಪಡಿಸುವುದು

ಆಯಿಲನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮರುದಿನ ಮೇಲಿನ ತಿಳಿಯನ್ನು ನಿಧಾನವಾಗಿ ಬೇರೆ ಡಬ್ಬಿಗೆ ಬಗ್ಗಿಸಿ, ತಳದಲ್ಲಿ ಉಳಿದ ಗಸಿಗೆ ಒಂದು ಲೋಟದಷ್ಟು ಡೀಸೆಲ್ ಬೆರೆಸಿ ತೆಳುವಾಗಿಸಿ, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸೋಸಬೇಕು. ಹಿಂದೆ ಇದಕ್ಕೆ ಸೀಮೆಎಣ್ಣೆ ಬಳಸುತ್ತಿದ್ದರು, ಈಗ ಅದು ಸಿಗುವುದೇ ಅಪರೂಪ. ಪೆಟ್ರೋಲ್ ಬೇಗ ಆರುತ್ತದೆ ನಿಜ, ಆದರೆ ಅದರ ಆವಿಗೆ ಒಂದು ಕಿಡಿ ಸಾಕು. ಬಳಸಲೇಬೇಕಾದರೆ ಒಲೆ, ಬೀಡಿ, ಸ್ವಿಚ್ಚು ಯಾವುದೂ ಹತ್ತಿರವಿಲ್ಲದ ಬಯಲಿನಲ್ಲಿ ಬಳಸಿ.

ನಿಮ್ಮ ಬೈಕಿನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇದ್ದರೆ ಆಯಿಲಿಗಿಂತ ಹೆಚ್ಚಿನ ಸಾಕ್ಷ್ಯ ಅದರಲ್ಲೇ ಅಡಗಿರುತ್ತದೆ. ಬ್ಲೇಡಿನಿಂದ ಕಾಗದದ ಮಡಿಕೆಗಳನ್ನು ಕತ್ತರಿಸಿ ಬಿಡಿಸಿ, ಬಟ್ಟೆಯ ನಡುವೆ ಒತ್ತಿ ಆಯಿಲ್ ಹಿಂಡಿ, ಬಿಸಿಲಿಗೆ ಹಿಡಿದು ಒಂದೊಂದೇ ಮಡಿಕೆ ನೋಡಬೇಕು. ಕಾರಿನ ಡಬ್ಬಿಯಂಥ ಫಿಲ್ಟರನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬಾರದು, ಏಕೆಂದರೆ ಕೊಯ್ಯುವಾಗ ಉದುರಿದ ಕಬ್ಬಿಣದ ಪುಡಿಯೇ ಒಳಗೆ ಬಿದ್ದು ಪರೀಕ್ಷೆ ಕೆಡುತ್ತದೆ.

ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಸ್ಪ್ಲೆಂಡರಿನಂಥ 100 ಸಿಸಿ ಗಾಡಿಗಳಲ್ಲಿ ಕಾಗದದ ಫಿಲ್ಟರ್ ಇಲ್ಲ. ಒಂದು ತಂತಿಜಾಲರಿ, ಜೊತೆಗೆ ಕ್ರ್ಯಾಂಕಿನ ತುದಿಯಲ್ಲಿ ಅದರೊಂದಿಗೇ ತಿರುಗುವ ಬಟ್ಟಲಿನಂಥ ಸೆಂಟ್ರಿಫ್ಯೂಗಲ್ ಫಿಲ್ಟರ್ ಇರುತ್ತದೆ. ತಿರುಗುವ ರಭಸಕ್ಕೆ ಆಯಿಲಿನಲ್ಲಿನ ಭಾರದ ಕಣಗಳು ಬಟ್ಟಲಿನ ಗೋಡೆಗೆ ಬಡಿದು ಗಟ್ಟಿ ಕೆಸರಾಗಿ ಅಂಟಿಕೊಳ್ಳುತ್ತವೆ. ಬಲಬದಿಯ ಕ್ಲಚ್ ಕವರ್ ತೆಗೆದರೆ ಮಾತ್ರ ಇದು ಸಿಗುತ್ತದೆ, ಹಾಗಾಗಿ ಎಷ್ಟೋ ಗಾಡಿಗಳಲ್ಲಿ ಹುಟ್ಟಿದಂದಿನಿಂದ ಅದನ್ನು ಯಾರೂ ತೆರೆದೇ ಇರುವುದಿಲ್ಲ. ಬೇರೆ ಕಾರಣಕ್ಕೆ ಆ ಕವರ್ ಬಿಚ್ಚಿಸಿದಾಗ ಬಟ್ಟಲನ್ನು ನಿಮ್ಮೆದುರೇ ತೆರೆಸಿ, ಕೆಸರನ್ನು ಒಂದು ಕಾಗದದ ಮೇಲೆ ಹಾಕಿಸಿಕೊಳ್ಳಿ.

ಇಲ್ಲೊಂದು ಸೂಕ್ಷ್ಮವಿದೆ. ಕಾಗದದ ಫಿಲ್ಟರ್ ಇಲ್ಲದ ಎಂಜಿನ್ನಿನ ಆಯಿಲಿನಲ್ಲಿ ಸ್ವಲ್ಪ ಮಿಂಚು ಹೆಚ್ಚಾಗಿ ಕಾಣುವುದು ಸಹಜ. ಕಾಗದದ ಫಿಲ್ಟರ್ ಇದ್ದೂ ಆಯಿಲೆಲ್ಲ ಮಿಂಚುತ್ತಿದ್ದರೆ, ಫಿಲ್ಟರ್ ಕಟ್ಟಿಕೊಂಡು ಬೈಪಾಸ್ ವಾಲ್ವಿನ ಮೂಲಕ ಆಯಿಲ್ ಸೋಸದೆ ಹರಿಯುತ್ತಿದೆಯೇ, ಅಥವಾ ಫಿಲ್ಟರ್ ಹಿಡಿಯುವ ವೇಗಕ್ಕಿಂತ ಸವೆತದ ವೇಗವೇ ಹೆಚ್ಚಿದೆಯೇ ಎಂದು ಯೋಚಿಸಬೇಕು.

ಅಯಸ್ಕಾಂತ, ಬಣ್ಣ, ಸೂಜಿ

ಹಾಳಾದ ಸ್ಪೀಕರಿನ ಅಯಸ್ಕಾಂತವೊಂದನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೋಸಿದ ಬಟ್ಟೆಯ ಮೇಲೆ ಆಡಿಸಿ. ಚೀಲವಿಲ್ಲದೆ ಆಡಿಸಿದರೆ ಅಂಟಿದ ಪುಡಿಯನ್ನು ಬಿಡಿಸುವುದೇ ಒಂದು ಕೆಲಸವಾಗುತ್ತದೆ. ಚೀಲವಿದ್ದರೆ ಅದನ್ನು ಒಳಹೊರಗು ಮಾಡಿದರೆ ಸಾಕು. ಅಂಟಿದ್ದು ಕಬ್ಬಿಣ ಅಥವಾ ಉಕ್ಕು: ಗೇರು, ಬೇರಿಂಗ್, ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಲೈನರ್, ಪಿಸ್ಟನ್ ರಿಂಗ್, ಟೈಮಿಂಗ್ ಚೈನ್, ಕ್ಲಚ್ಚಿನ ಸ್ಟೀಲ್ ಪ್ಲೇಟ್, ಕಿಕ್ಕರ್ ಗೇರು. ಕೆಲವು ಹೊಸ ಎಂಜಿನ್‌ಗಳ ಬೋರಿಗೆ ಕಬ್ಬಿಣದ ಲೈನರ್ ಬದಲು ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್‌ನ ಲೇಪನವಿರುತ್ತದೆ; ಅಂಥವುಗಳಲ್ಲಿ ಕಬ್ಬಿಣದ ಪುಡಿ ಕಂಡರೆ ಬೋರನ್ನು ಶಂಕಿಸಬೇಕಾಗಿಲ್ಲ.

ಅಂಟದೆ ಉಳಿದದ್ದನ್ನು ಗಾಜಿನ ತುಂಡಿನ ಮೇಲೆ ಹಾಕಿ ಬಣ್ಣ ನೋಡಿ. ಮಂಕು ಬೆಳ್ಳಿಯ ಬಣ್ಣದ, ಸೂಜಿಯ ಮೊನೆಯಿಂದ ಒತ್ತಿದರೆ ಚಪ್ಪಟೆಯಾಗುವ ಚೂರು ಅಲ್ಯುಮಿನಿಯಂ. ಅದು ಪಿಸ್ಟನ್, ಸಿಲಿಂಡರ್ ಹೆಡ್, ಕ್ರ್ಯಾಂಕ್‌ಕೇಸ್, ಕ್ಲಚ್ ಹೌಸಿಂಗ್ ಇವುಗಳಲ್ಲಿ ಒಂದರದ್ದು. ಕ್ಯಾಮ್‌ಶಾಫ್ಟ್ ನೇರವಾಗಿ ಹೆಡ್ಡಿನ ಅಲ್ಯುಮಿನಿಯಂ ಮೇಲೆಯೇ ತಿರುಗುವ ಎಂಜಿನ್ನಿನಲ್ಲಿ ಆಯಿಲ್ ಕಡಿಮೆಯಾದರೆ ಮೊದಲು ಉಜ್ಜಿಹೋಗುವ ಜಾಗವೂ ಅದೇ. ಕಾಸ್ಟಿಕ್ ಸೋಡಾದ ನೀರಿನಲ್ಲಿ ಅಲ್ಯುಮಿನಿಯಂ ಗುಳ್ಳೆ ಬಿಡುತ್ತ ಕರಗುತ್ತದೆ, ಉಕ್ಕು ಕರಗುವುದಿಲ್ಲ ಎಂಬ ಪರೀಕ್ಷೆಯೂ ಉಂಟು. ಆದರೆ ಆ ನೀರು ಕಣ್ಣಿಗೆ ಸಿಡಿದರೆ ಆಗುವ ಅನಾಹುತದ ಮುಂದೆ ಸೂಜಿಯ ಪರೀಕ್ಷೆಯೇ ಸಾಕೆನ್ನುತ್ತೇನೆ.

ಹಳದಿ ಅಥವಾ ಕೆಂಪು ಛಾಯೆಯ ಚೂರು ಕಂಡರೆ ನಾನು ತಕ್ಷಣ ಗಂಭೀರನಾಗುತ್ತೇನೆ. ಅದು ಕಂಚು, ಹಿತ್ತಾಳೆ ಅಥವಾ ತಾಮ್ರ. ಬೈಕಿನೊಳಗೆ ಅವು ಇರುವ ಜಾಗಗಳು ಕೆಲವೇ: ಗೇರ್ ಶಾಫ್ಟಿನ ಬುಷ್ (ಶಾಫ್ಟಿನ ಸುತ್ತ ಕೂರುವ ಬಳೆ), ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಬುಷ್, ಕೆಲವು ಬೇರಿಂಗ್‌ಗಳ ಹಿತ್ತಾಳೆಯ ಕೇಜ್. ಡ್ರೈನ್ ಬೋಲ್ಟಿಗೆ ತಾಮ್ರದ ವಾಷರ್ ಇದ್ದರೆ ಮೊದಲು ಅದರ ಅಂಚು ಕಿತ್ತಿದೆಯೇ ನೋಡಿ. ಅದು ಸರಿಯಿದ್ದರೆ ಚೂರು ಒಳಗಿನಿಂದಲೇ ಬಂದದ್ದು. ಕಾರಿನ ಎಂಜಿನ್ನಿನಲ್ಲಾದರೆ ಇದರ ಅರ್ಥ ಇನ್ನೂ ಸ್ಪಷ್ಟ: ಕ್ರ್ಯಾಂಕಿನ ಕೆಲವು ಬಗೆಯ ಶೆಲ್ ಬೇರಿಂಗ್‌ಗಳಲ್ಲಿ ಮೇಲಿನ ಮೆದು ಪದರ ಸವೆದು ಕೆಳಗಿನ ತಾಮ್ರದ ಮಿಶ್ರಲೋಹ ಹೊರಬಿದ್ದಿರಬಹುದು, ಟರ್ಬೊ ಇದ್ದರೆ ಅದರ ಕಂಚಿನ ಬೇರಿಂಗ್ ಸವೆಯುತ್ತಿರಬಹುದು. ಜೊತೆಗೆ ಆಯಿಲ್ ಪ್ರೆಶರ್ ದೀಪವೂ ಐಡ್ಲಿಂಗ್‌ನಲ್ಲಿ ಮಿನುಗುತ್ತಿದ್ದರೆ ಕಾರನ್ನು ಟೋ ಮಾಡಿಸಿಯೇ ಗ್ಯಾರೇಜಿಗೆ ಸಾಗಿಸಬೇಕು.

ಲೋಹದಂತೆ ಕಾಣುವ, ಆದರೆ ಲೋಹವಲ್ಲದ ಕಸವೂ ಇದೆ. ರಬ್ಬರಿನಂತೆ ಎಳೆಯಬಹುದಾದ ದಾರ ಗ್ಯಾಸ್ಕೆಟ್ ಅಂಟಿನದ್ದು. ಬೆರಳಿಗೆ ಕಾರ್ಕಿನಂತೆ ಪುಡಿಯಾಗುವ ಕಂದು ಚೂರು ಕ್ಲಚ್ ಪ್ಲೇಟಿನದ್ದು. ಅದು ಹೆಚ್ಚಾಗಿದ್ದರೆ ಗಾಡಿಗೆ ಕಾರಿನ ಆಯಿಲ್ ಹಾಕಿದ್ದಿರೇ ಎಂದು ನೆನಪಿಸಿಕೊಳ್ಳಿ. ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವ ಕಾರಿನ ಆಯಿಲಿನಲ್ಲಿ ಕ್ಲಚ್ ಜಾರಿ ಬೇಗ ಸವೆಯುತ್ತದೆ. ಗೇರ್ ಬೈಕಿನ ಆಯಿಲ್ ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂದಿರಬೇಕು, ಆಯಿಲಿನಲ್ಲೇ ಮುಳುಗಿರುವ ಕ್ಲಚ್ಚಿಗೆ ತಕ್ಕದ್ದೆಂಬ ಗುರುತು ಅದು. ಗಟ್ಟಿಯಾದ ಕಪ್ಪು ಪ್ಲಾಸ್ಟಿಕ್ ಚೂರು ಟೈಮಿಂಗ್ ಚೈನಿನ ಗೈಡಿನದ್ದಿರಬಹುದು, ಇದನ್ನು ಕಡೆಗಣಿಸಬಾರದು.

ಆಕಾರ ಹೇಳುವ ಕಥೆ

ಲೋಹ ಯಾವುದೆಂದು ತಿಳಿದ ಮೇಲೆ ಭೂತಗನ್ನಡಿ ಹಿಡಿದು ಆಕಾರ ನೋಡಬೇಕು. ಪತ್ತೆಯ ನಿಜವಾದ ಸ್ವಾರಸ್ಯ ಇರುವುದು ಇಲ್ಲೇ.

ಬೆರಳುಗಳ ನಡುವೆ ಉಜ್ಜಿದರೆ ಹರಳು ಸಿಗದ, ಕಾಡಿಗೆಯಂತೆ ನುಣ್ಣಗಿರುವ ಬೂದುಬಣ್ಣದ ಲೇಪ ದಿನನಿತ್ಯದ ಸವೆತದ್ದು. ಅಯಸ್ಕಾಂತವಿರುವ ಡ್ರೈನ್ ಬೋಲ್ಟಿನ ತುದಿಯಲ್ಲಿ ಇದು ತೆಳುವಾಗಿ ಅಂಟಿರುವುದು ಆರೋಗ್ಯದ ಲಕ್ಷಣವೇ. ಹೊಸ ಗಾಡಿಯ ಮೊದಲ ಸರ್ವೀಸಿನಲ್ಲಿ, ಅಂದರೆ ಸುಮಾರು 500ರಿಂದ 1000 ಕಿ.ಮೀ. ಒಳಗೆ, ಆಯಿಲೇ ಲೋಹದ ಬಣ್ಣ ಕದಡಿದಂತೆ ಮಿಂಚುವುದುಂಟು. ಹೊಸ ಗೇರು, ರಿಂಗು, ಬೋರು ಪರಸ್ಪರ ಹೊಂದಿಕೊಳ್ಳುವಾಗ ಉದುರಿದ ಪುಡಿ ಅದು, ಎರಡನೆಯ ಸಲಕ್ಕೆ ಬಹಳಷ್ಟು ಇಳಿದಿರುತ್ತದೆ. ಬೋರ್ ಕಿಟ್ ಹೊಸದಾಗಿ ಹಾಕಿಸಿದ ಗಾಡಿಗೂ ಇದೇ ಮಾತು ಅನ್ವಯಿಸುತ್ತದೆ.

ಆದರೆ 30 ಸಾವಿರ ಕಿ.ಮೀ. ಓಡಿದ ಗಾಡಿಯಲ್ಲಿ ನುಣ್ಣನೆಯ ಕಬ್ಬಿಣದ ಪುಡಿ ಇದ್ದಕ್ಕಿದ್ದಂತೆ ಹೆಚ್ಚಿದರೆ ಏರ್ ಫಿಲ್ಟರಿನ ಪೆಟ್ಟಿಗೆ ತೆರೆಯಬೇಕು. ಕಲ್ಲುಕ್ವಾರಿಯ ರಸ್ತೆಯಲ್ಲೋ ಬಯಲುಸೀಮೆಯ ಕೆಮ್ಮಣ್ಣಿನ ಹಾದಿಯಲ್ಲೋ ದಿನವೂ ಓಡಾಡುವ ಗಾಡಿಯ ಫಿಲ್ಟರ್ ಹರಿದಿದ್ದರೆ, ಅಥವಾ ಅದರ ರಬ್ಬರ್ ಕೊಳವೆ ಸೀಳಿದ್ದರೆ, ಮಣ್ಣಿನಲ್ಲಿರುವ ಸಿಲಿಕಾದ ಕಣಗಳು ನೇರವಾಗಿ ಬೋರಿಗೆ ಇಳಿದು ಮರಳುಕಾಗದದಂತೆ ಉಜ್ಜುತ್ತವೆ. ಆಗ ಚೂರಿಗಿಂತ ಮೊದಲು ನೀಲಿ ಹೊಗೆ, ಆಯಿಲ್ ಕಡಿಮೆಯಾಗುವುದು, ಕಿಕ್ ಹಗುರವಾಗುವುದು ಇವೇ ಕಣ್ಣಿಗೆ ಬೀಳುತ್ತವೆ.

ಅಲ್ಯುಮಿನಿಯಂ ಚೂರಿನ ಮೇಲೆ ಒಂದೇ ದಿಕ್ಕಿನ ಗೀರುಗಳಿದ್ದು ಬಳಿದಂತೆ ಚಪ್ಪಟೆಯಾಗಿದ್ದರೆ ಪಿಸ್ಟನ್ ಬೋರಿಗೆ ಕಚ್ಚಿ ಉಜ್ಜಿದೆ ಎಂದೇ ಮೊದಲ ಊಹೆ. ಆಯಿಲ್ ಮಟ್ಟ ಇಳಿದಿದ್ದಾಗ ಘಾಟಿ ಏರಿಸಿದ್ದುಂಟೇ, ಎಂಜಿನ್ ಒಮ್ಮೆ ತಾನಾಗಿ ನಿಂತು ಆರಿದ ಮೇಲೆ ಮತ್ತೆ ಸ್ಟಾರ್ಟ್ ಆದದ್ದುಂಟೇ ಎಂದು ಕೇಳಿಕೊಳ್ಳಿ. ಅದೇ ಅಲ್ಯುಮಿನಿಯಂ ಗೀರಿಲ್ಲದ ಸಣ್ಣ ಪುಡಿಯಾಗಿದ್ದು, ಕ್ಲಚ್ ಬಿಡುವಾಗ ಗಾಡಿ ಅದುರುತ್ತಿದ್ದರೆ, ಕ್ಲಚ್ ಹೌಸಿಂಗ್‌ನ ಬೆರಳುಗಳಿಗೆ ಪ್ಲೇಟುಗಳ ಕಿವಿ ಬಡಿದು ಕಚ್ಚು ಬಿದ್ದಿರುವ ಸಾಧ್ಯತೆ ಹೆಚ್ಚು. ಅದು ತುರ್ತಿನ ವಿಷಯವಲ್ಲ.

ಎಲ್ಲಕ್ಕಿಂತ ಹೆಚ್ಚು ಅರ್ಥವತ್ತಾದದ್ದು ಅಯಸ್ಕಾಂತಕ್ಕೆ ಅಂಟುವ, ಒಂದು ಮುಖ ಕನ್ನಡಿಯಂತೆ ನಯವಾಗಿ, ಇನ್ನೊಂದು ಮುಖ ಮುರಿದ ಕಲ್ಲುಸಕ್ಕರೆಯಂತೆ ಒರಟಾಗಿರುವ ಹಕ್ಕಳೆ. ಲಕ್ಷಾಂತರ ಸಲ ಒತ್ತಡಕ್ಕೆ ಸಿಲುಕಿದ ಬೇರಿಂಗಿನ ಓಟದ ಹಾದಿ ಅಥವಾ ಗೇರಿನ ಹಲ್ಲು ದಣಿದು, ಮೇಲ್ಮೈಯ ಕೆಳಗೆ ಬಿರುಕು ಹುಟ್ಟಿ, ಗೋಡೆಯ ಗಾರೆ ಉದುರಿದಂತೆ ಕಿತ್ತು ಬಂದ ತುಣುಕು ಅದು. ನಯವಾದ ಮುಖ ಮೊನ್ನೆಯ ತನಕ ಉರುಳುತ್ತಿದ್ದ ಮೇಲ್ಮೈ, ಒರಟು ಮುಖ ಬಿರುಕು. ಇದು ತಾನಾಗಿ ವಾಸಿಯಾಗುವುದಿಲ್ಲ. ಒಂದು ಹಕ್ಕಳೆ ಎದ್ದ ಕುಳಿಯ ಅಂಚು ಮುಂದಿನ ಹಕ್ಕಳೆಗೆ ದಾರಿ ಮಾಡುತ್ತದೆ. ಮಲೆನಾಡಿನ ಮಳೆಯಲ್ಲಿ ಹಳ್ಳ ದಾಟಿಸಿ ಎಂಜಿನ್ನಿಗೆ ನೀರು ಸೇರಿ, ಆಯಿಲ್ ಹಾಲು ಬೆರೆತ ಕಾಫಿಯಂತಾದ ಮೇಲೂ ತಿಂಗಳುಗಟ್ಟಲೆ ಹಾಗೇ ಬಿಟ್ಟ ಗಾಡಿಗಳಲ್ಲಿ ಬೇರಿಂಗಿಗೆ ತುಕ್ಕಿನ ಚುಕ್ಕೆ ಬಿದ್ದು ಈ ರೋಗ ಬೇಗ ಶುರುವಾಗುತ್ತದೆ.

ಇನ್ನು ಕೆಲವು ಚೂರುಗಳಿಗೆ ಪರೀಕ್ಷೆಯೇ ಬೇಡ, ನೋಡಿದರೆ ಗುರುತು ಸಿಗುತ್ತದೆ: ಸೂಜಿಯಂಥ ರೋಲರ್, ದುಂಡು ತಂತಿಯ ಸರ್ಕ್ಲಿಪ್ ತುಂಡು, ಬಾಗಿಸಿದರೆ ಚಿಮ್ಮುವ ರಿಂಗಿನ ತುಂಡು, ಗೇರಿನ ಮೂಲೆ. ಇವುಗಳಲ್ಲಿ ಯಾವುದು ಸಿಕ್ಕರೂ ಅಂದಿಗೆ ಗಾಡಿಯ ಓಡಾಟ ನಿಂತಿತು.

ಶಬ್ದದೊಂದಿಗೆ ತಾಳೆ ನೋಡುವುದು

ಗಾತ್ರಕ್ಕೆ ನನ್ನದೊಂದು ಒರಟು ಅಳತೆ ಇದೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದಕ್ಕಿಂತ ಬಹಳ ಚಿಕ್ಕದಾದದ್ದು ಬರಿಗಣ್ಣಿಗೆ ಬಿಡಿಯಾಗಿ ಕಾಣದೆ ಬರೀ ಮಿಂಚಾಗಿ ಕಾಣುತ್ತದೆ. ಬಿಡಿಯಾಗಿ ಎಣಿಸಬಹುದಾದ ಚೂರು ಬಂದರೆ ಎಚ್ಚರ, ರಾಗಿ ಕಾಳಿನಷ್ಟು ದೊಡ್ಡದು ಒಂದೇ ಬಂದರೂ ಎಂಜಿನ್ ಸ್ಟಾರ್ಟ್ ಮಾಡುವುದಿಲ್ಲ. ಅದಕ್ಕಿಂತ ಚಿಕ್ಕವು ನಾಲ್ಕೈದು ಸಿಕ್ಕಿ, ಗಾಡಿ ಎಂದಿನಂತೆ ಓಡುತ್ತಿದ್ದರೆ, ಸಾಧಾರಣ ದರ್ಜೆಯ ಸರಿಯಾದ ಆಯಿಲ್ ತುಂಬಿ, 300ರಿಂದ 500 ಕಿ.ಮೀ. ಓಡಿಸಿ, ಮತ್ತೆ ಇಳಿಸಿ ಸೋಸುತ್ತೇನೆ. ದುಬಾರಿ ಸಿಂಥೆಟಿಕ್ ಆಯಿಲ್ ಈ ಹಂತದಲ್ಲಿ ದುಂದುವೆಚ್ಚ.

ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲಿ ಲೋಕೊಗಳ ಆಯಿಲನ್ನು ಆಗಾಗ ಸ್ಪೆಕ್ಟ್ರೋಮೀಟರಿನಿಂದ ಪರೀಕ್ಷಿಸಿ, ಕಬ್ಬಿಣ, ತಾಮ್ರ, ಸೀಸ ಎಷ್ಟೆಷ್ಟು ಏರಿದೆ ಎಂದು ದಾಖಲಿಸುವುದರ ಹಿಂದೆಯೂ ಇದೇ ತರ್ಕವಿದೆ: ಒಂದು ಸಲದ ಅಂಕಿಗಿಂತ ಏರಿಳಿತದ ಗತಿ ಮುಖ್ಯ. ಆದರೆ ಆ ಯಂತ್ರ ಸುಮಾರು 5ರಿಂದ 10 ಮೈಕ್ರಾನ್‌ವರೆಗಿನ ಕಣಗಳನ್ನಷ್ಟೇ ಸರಿಯಾಗಿ ಅಳೆಯುತ್ತದೆ, ಕಣ್ಣಿಗೆ ಕಾಣುವ ಹಕ್ಕಳೆ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ದೊಡ್ಡ ಚೂರಿನ ಮಟ್ಟಿಗೆ ಪಂಚೆಯ ತುಂಡೇ ಮೇಲು.

ಈ ನಡುವಿನ ಓಡಾಟದಲ್ಲಿ ಕಿವಿಗೆ ಕೆಲಸ ಕೊಡಬೇಕು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಕೇಳುವ ಗೊರಗೊರ ಸದ್ದು ಕ್ಲಚ್ ಒತ್ತಿದ ಕೂಡಲೇ ನಿಂತರೆ, ದೋಷ ಗೇರ್ ಬಾಕ್ಸಿನ ಮೇನ್ ಶಾಫ್ಟಿನ ಬೇರಿಂಗಿನಲ್ಲಿರುವ ಸಂಭವವೇ ಹೆಚ್ಚು. ಕ್ಲಚ್ ಬಿಟ್ಟಿರುವಾಗ ಆ ಶಾಫ್ಟ್ ತಿರುಗುತ್ತದೆ, ಒತ್ತಿದಾಗ ನಿಲ್ಲುತ್ತದೆ. ಒಂದೇ ಗೇರಿನಲ್ಲಿ ಮಾತ್ರ ಕೂಗು ಕೇಳಿದರೆ, ಅಥವಾ ಆ ಗೇರು ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ, ಆ ಜೋಡಿಯ ಹಲ್ಲು ಅಥವಾ ಕಚ್ಚು ಸವೆದಿದೆ. ಗೇರಿಗೂ ಕ್ಲಚ್ಚಿಗೂ ಸಂಬಂಧವಿಲ್ಲದೆ, ಆಕ್ಸಿಲರೇಟರ್ ಕೊಟ್ಟು ಎಳೆಸಿದಾಗ ಹೆಚ್ಚುವ ಆಳವಾದ ಬಡಿತ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿನದ್ದು, ಅದು ಕೇಳಿದರೆ ಗಾಡಿಯನ್ನು ತಳ್ಳಿಕೊಂಡು ಹೋಗುವುದೇ ಲೇಸು. ತಣ್ಣಗಿರುವಾಗ ಟಕಟಕ ಎಂದು, ಬಿಸಿಯಾದ ಮೇಲೆ ಅಡಗುವ ಸದ್ದು ಸವೆದ ಪಿಸ್ಟನ್ನಿನದ್ದು. ಟೈಮಿಂಗ್ ಚೈನಿನ ಗಲಗಲ ಸಾಮಾನ್ಯವಾಗಿ ಸಿಲಿಂಡರಿನ ಎಡಬದಿಯಲ್ಲಿ, ಆಕ್ಸಿಲರೇಟರ್ ಬಿಟ್ಟಾಗ ಎದ್ದು ಕೇಳುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕವಚಕ್ಕೆ ತಾಗಿಸಿ ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿದರೆ ಸದ್ದಿನ ಜಾಗ ಇನ್ನೂ ಖಚಿತವಾಗುತ್ತದೆ; ಚೈನು, ಬಿಸಿ ಸೈಲೆನ್ಸರಿನಿಂದ ಕೈಯನ್ನು ದೂರವಿಡಿ.

ನನ್ನ 150 ಸಿಸಿ ಗಾಡಿಯಲ್ಲಿ 41 ಸಾವಿರ ಕಿ.ಮೀ. ಆದಾಗ ಒಂದು ಮಿಲಿಮೀಟರಿಗೂ ಚಿಕ್ಕದಾದ ಎರಡು ಹಕ್ಕಳೆಗಳು ಸಿಕ್ಕವು, ಒಂದು ಮುಖ ನಯ, ಒಂದು ಮುಖ ಒರಟು. ಗೇರಿನ ಹಲ್ಲಿನದ್ದಿರಬೇಕೆಂದು ನಾನು ಊಹಿಸಿದೆ. ನಮ್ಮ ಬಡಾವಣೆಯ ಮೆಕ್ಯಾನಿಕ್ ನೋಡಿ, "ಇಷ್ಟಕ್ಕೆಲ್ಲ ಬಿಚ್ಚೋದು ಬೇಡ ಸಾರ್, ಓಡ್ಸಿ ನೋಡಿ" ಎಂದರು. ಹೊಸ ಆಯಿಲಿನಲ್ಲಿ 400 ಕಿ.ಮೀ. ಓಡಿಸಿ ಇಳಿಸಿದಾಗ ಹಕ್ಕಳೆಗಳು ಏಳಾಗಿದ್ದವು, ಅಷ್ಟರಲ್ಲಿ ನ್ಯೂಟ್ರಲ್‌ನಲ್ಲಿ ಸಣ್ಣಗೆ ಗೊರಗುಡುವ ಸದ್ದೂ ಶುರುವಾಗಿತ್ತು. ಕ್ಲಚ್ ಒತ್ತಿದರೆ ಮಾಯ. ಎರಡು ಬಾರಿ ಸೋಸಿದ ಬಟ್ಟೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಅವರೇ ಎಂಜಿನ್ ಇಳಿಸಿದರು. ಗೇರುಗಳ ಹಲ್ಲೆಲ್ಲ ಸರಿಯಾಗಿದ್ದವು, ನನ್ನ ಊಹೆ ತಪ್ಪಿತ್ತು. ಮೇನ್ ಶಾಫ್ಟಿನ ಬೇರಿಂಗಿನ ಒಳಬಳೆಯಲ್ಲಿ ಅಕ್ಕಿಕಾಳಿನ ಅಗಲಕ್ಕೆ ಕುಳಿ ಬಿದ್ದಿತ್ತು. ಬೇರಿಂಗ್ ಬದಲಿಸಿ, ಕವಚವನ್ನೂ ಆಯಿಲ್ ಪಂಪಿನ ಜಾಲರಿಯನ್ನೂ ಆಯಿಲಿನ ದಾರಿಗಳನ್ನೂ ಡೀಸೆಲ್‌ನಲ್ಲಿ ತೊಳೆಸಿ, ಗಾಳಿ ಹೊಡೆಸಿ ಜೋಡಿಸಲಾಯಿತು. ಒಳಗೆ ಉಳಿದ ಚೂರುಗಳು ಹೊಸ ಬೇರಿಂಗನ್ನೂ ಕೆಡಿಸುವುದರಿಂದ ಈ ತೊಳೆಯುವ ಕೆಲಸವನ್ನು ಎದುರಿಗೆ ನಿಂತು ಮಾಡಿಸಬೇಕು. ಅದಾದ 500 ಕಿ.ಮೀ.ಗೆ ಮತ್ತೆ ಆಯಿಲ್ ಇಳಿಸಿ ಸೋಸಿದಾಗ ಹಕ್ಕಳೆ ಒಂದೂ ಇರಲಿಲ್ಲ; ಅಯಸ್ಕಾಂತಕ್ಕೆ ಅಂಟಿದ್ದು ಉಗುರಿನಲ್ಲಿ ಹಿಡಿಯುವಷ್ಟು ಬೂದು ಲೇಪ ಮಾತ್ರ. ಆ ಮೂರು ಬಟ್ಟೆಗಳೂ ಕಿ.ಮೀ. ಬರೆದ ಚೀಟಿಯೊಂದಿಗೆ ಈಗಲೂ ಟೂಲ್ಸ್ ಡಬ್ಬಿಯಲ್ಲಿವೆ.